ಹೆಂಡದ ಮಾರಯ್ಯನ ಬೋರ್ಡು

ಸುರಪುರ ಎಂದರೆ ಸುರರ ಪುರ, ದೇವತೆಗಳ ಊರು ಎಂದು ನಮ್ಮ ಕನ್ನಡ ಸರ್ ಹಲಗೆಯ ಮೇಲೆ ಬಿಡಿಸಿ ಬರೆದಿದ್ದರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಸರ್, ಸುರೆಯ ಪುರ ಅಂದ್ರ ತಪ್ಪಾಗ್ತದೇನ್ರಿ?" ಎಂದು ಕೇಳಿದ. ಸರ್ ಬಯ್ಯಲಿಲ್ಲ. ವಾಲ್ಮೀಕಿ ರಾಮಾಯಣದ ಬಾಲಕಾಂಡದ ಕತೆ ಹೇಳಿದರು. ಕಡಲು ಕಡೆದಾಗ ಎದ್ದುಬಂದ ವಾರುಣಿಯನ್ನು, ಅಂದರೆ ಸುರೆಯ ದೇವಿಯನ್ನು, ಅದಿತಿಯ ಮಕ್ಕಳು ಒಪ್ಪಿಕೊಂಡು ಸುರರಾದರಂತೆ. ದಿತಿಯ ಮಕ್ಕಳು ಒಲ್ಲೆವೆಂದು ಅಸುರರಾದರಂತೆ. ವಾಲ್ಮೀಕಿಯನ್ನು ಗುರುವೆಂದು ಪೂಜಿಸುವ ನಾಯಕರ ಊರಿನ ಹುಡುಗನೊಬ್ಬ ಕೇಳಿದ ಪ್ರಶ್ನೆಗೆ ವಾಲ್ಮೀಕಿಯಿಂದಲೇ ಉತ್ತರ ಸಿಕ್ಕಿತ್ತು. ಒಂದು ಹೆಸರಿನೊಳಗೆ ಇನ್ನೊಂದು ಹೆಸರು ಕುಳಿತಿರುತ್ತದೆ ಎಂದು ನನಗೆ ಮೊದಲು ಗೊತ್ತಾದದ್ದು ಆ ದಿನ. ಅಂದಿನಿಂದ ಬೋರ್ಡು ಓದುವ ಚಟ ಹತ್ತಿತು. ಯಾದಗಿರಿಯಲ್ಲಿ ಬಸ್ಸು ಹತ್ತಿ, ಭೀಮೆಯ ಸೇತುವೆ ದಾಟಿ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ಕಂಡು, ಸುರಪುರದ ಗುಡ್ಡಗಳ ನಡುವೆ ಇಳಿಯುವ ತನಕ ಕಿಟಕಿಯ ಪಕ್ಕ ಕುಳಿತು ಬೋರ್ಡು ಓದುತ್ತೇನೆ. ಅವುಗಳಲ್ಲಿ ನನ್ನನ್ನು ಹೆಚ್ಚು ಕಾಡಿದವು ಕುಡಿಯುವ ಅಂಗಡಿಗಳ ಬೋರ್ಡುಗಳು.

ಆ ಬೋರ್ಡುಗಳ ಮೇಲೆ ಎಲ್ಲವೂ ಇರುತ್ತದೆ, ಹೆಂಡವೊಂದನ್ನು ಬಿಟ್ಟು. ಮೊದಲು 'ಶ್ರೀ'. ಆಮೇಲೆ ಒಬ್ಬ ದೇವರು, ಇಲ್ಲವೇ ದೇವಿ. ಆಮೇಲೆ 'ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್'. ಇನ್ನು ಕೆಲವು ಕಡೆ ಬರೀ 'ವೈನ್ಸ್'. ದ್ರಾಕ್ಷಿ ಬೆಳೆಯುವ ವಿಜಯಪುರ ನಮ್ಮ ಮಗ್ಗುಲ ಜಿಲ್ಲೆಯಾದರೂ ಈ ವೈನ್ಸಿನೊಳಗೆ ದ್ರಾಕ್ಷಾರಸ ಕೇಳುವವರನ್ನು ನಾನು ಕಂಡಿಲ್ಲ. ಅಲ್ಲಿ ಮಾರುವುದು ವಿಸ್ಕಿ, ಬ್ರಾಂದಿ, ರಮ್ಮು, ಬಿಯರು. ಕುಡಿಯುವವರು ಕೇಳುವುದು ನೈಂಟಿ, ಕ್ವಾರ್ಟರು. ಫ್ಯಾಮಿಲಿ ಎಂಬ ಪದದ ಗತಿಯೂ ಅಷ್ಟೇ. ಸಂಜೆ ಏಳರ ನಂತರ ಆ ಬೋರ್ಡಿನ ಕೆಳಗೆ ನಿಂತು ನೋಡಿದರೆ ಒಳಗೆ ಹೋಗುವ ಫ್ಯಾಮಿಲಿ ಒಂದೂ ಕಾಣುವುದಿಲ್ಲ. ಗಂಡಸರು ಒಬ್ಬೊಬ್ಬರೇ, ಇಬ್ಬಿಬ್ಬರೇ ಹೋಗುತ್ತಾರೆ. ಅವರ ಫ್ಯಾಮಿಲಿಗಳು ಮನೆಯಲ್ಲಿ ರೊಟ್ಟಿ ಬಡಿದು ದಾರಿ ಕಾಯುತ್ತಿರುತ್ತವೆ. ಕನ್ನಡ ನಾಡಿನ ನಾಮಫಲಕಗಳಲ್ಲಿ ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ಸಣ್ಣ ಪದದಲ್ಲಿ ಹೇಳಿದ್ದು ಬೇರೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲಾಖೆಯ ಹೆಸರೂ ಇದೇ ಜಾಡಿನದು. ಅಬಕಾರಿ ಎಂಬುದು ಫಾರ್ಸಿಯ ಮಾತು. ಆಬ್ ಎಂದರೆ ನೀರು, ಕಾರಿ ಎಂದರೆ ಕೆಲಸ. ಹೆಂಡಕ್ಕೆ ನೀರೆಂದು ಹೆಸರಿಟ್ಟು ಆಳಿದ ನಿಜಾಮರ ಕಾಲದಿಂದ ಇಂದಿನವರೆಗೆ ಆ ಇಲಾಖೆ ತನ್ನ ಸರಕಿನ ಹೆಸರನ್ನು ತನ್ನ ಹೆಸರಿನಲ್ಲಿ ಹೇಳಿಕೊಂಡಿಲ್ಲ. ಆದರೆ ಆ ಕಾಲದಲ್ಲಿ ಜನ ಮಾತ್ರ ನೇರವಾಗಿ ಮಾತಾಡುತ್ತಿದ್ದರು. ಈಚಲ ಗಿಡದ ರಸ ಮಾರುವಲ್ಲಿ ಸಿಂದಿ ಅಂಗಡಿ, ಭಟ್ಟಿ ಇಳಿಸಿದ್ದು ಮಾರುವಲ್ಲಿ ಸಾರಾಯಿ ಅಂಗಡಿ. ಗುತ್ತಿಗೆ ಹಿಡಿದವರು ಗುತ್ತೇದಾರರಾದರು. ಕಲಬುರಗಿ, ಯಾದಗಿರಿ ಸೀಮೆಯ ಎಷ್ಟೋ ಈಡಿಗ ಮನೆತನಗಳಿಗೆ ಅದೇ ಅಡ್ಡಹೆಸರಾಗಿ ನಿಂತಿದೆ. ಅಂದರೆ ನಮ್ಮ ಕಡೆ ಅಂಗಡಿಗೆ ಹೆಸರು ಬರುವ ಮೊದಲು ಮನುಷ್ಯನಿಗೆ ಹೆಸರು ಬಂತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದಾಯಿತು. ಅದರೊಂದಿಗೆ 'ಸಾರಾಯಿ ಅಂಗಡಿ' ಎಂದು ಆರು ದಪ್ಪ ಅಕ್ಷರಗಳಲ್ಲಿ ಬರೆದ ತಗಡಿನ ಬೋರ್ಡುಗಳೂ ಇಳಿದವು. ಸಾರಾಯಿ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಆ ಬೋರ್ಡಿನ ನೇರ ಮಾತು ಹೋದದ್ದಕ್ಕೆ ಇದೆ.

ಇಂಗ್ಲೆಂಡಿನ ಕತೆ ಇದಕ್ಕೆ ತದ್ವಿರುದ್ಧ. ಅಲ್ಲಿ ಕುಡಿಯುವ ಮನೆಗೆ ಗುರುತು ಬೇಕೇಬೇಕೆಂದು ಕಾನೂನು ಬಂದದ್ದು 1393ರಲ್ಲಿ, ಎರಡನೇ ರಿಚರ್ಡನ ಕಾಲದಲ್ಲಿ. ಏಲ್ ಎಂಬ ಧಾನ್ಯದ ಮದ್ಯ ಹುದುಗಿಸಿ ಮಾರುವವನು ಬಾಗಿಲಿಗೆ ಫಲಕ ತೂಗುಹಾಕಬೇಕು. ಮದ್ಯದ ಗುಣ ಪರೀಕ್ಷೆ ಮಾಡುವ ಅಧಿಕಾರಿಗೆ ಅದು ಕಾಣಬೇಕು. ಓದು ಬಾರದ ಜನಕ್ಕಾಗಿ ಅಕ್ಷರದ ಬದಲು ಚಿತ್ರ ಬಿಡಿಸಿದರು. ರಿಚರ್ಡನ ಲಾಂಛನ ಬಿಳಿ ಸಾರಂಗ, ಹಾಗಾಗಿ 'ವೈಟ್ ಹಾರ್ಟ್' ಎಂಬ ಹೆಸರು ಇಂದಿಗೂ ಅಲ್ಲಿ ಊರೂರಿಗೆ ಸಿಗುತ್ತದೆ. ಚಿತ್ರದಿಂದ ಹುಟ್ಟಿದ ಹೆಸರುಗಳಾದ್ದರಿಂದ ಅವಕ್ಕೆ ವಿಚಿತ್ರ ಜೋಡಿಗಳು ಬಂದವು: ಬೆಕ್ಕು ಮತ್ತು ಪಿಟೀಲು, ನಾಯಿ ಮತ್ತು ಬಾತುಕೋಳಿ, ಆನೆ ಮತ್ತು ಅಂಬಾರಿಗೋಟೆ. ಸ್ಟೇಲಿಬ್ರಿಜ್ ಎಂಬ ಒಂದೇ ಊರಿನಲ್ಲಿ ಆ ದೇಶದ ಅತಿ ಉದ್ದ ಹೆಸರಿನ ಪಬ್ಬೂ ಅತಿ ಗಿಡ್ಡ ಹೆಸರಿನ ಪಬ್ಬೂ ಇದ್ದವು. ಉದ್ದದ್ದು ಒಂದು ಸ್ವಯಂಸೇವಕ ಬಂದೂಕು ಪಡೆಯ ಪೂರ್ತಿ ಹೆಸರು, ಗಿಡ್ಡದ್ದು 'ಕ್ಯೂ' ಎಂಬ ಒಂದಕ್ಷರ. ಡೆವನ್ ಸೀಮೆಯ ಒಂದು ಪಬ್ಬಿನ ಹೆಸರು 'ನೋಬಡಿ ಇನ್'. ಒಳಗೆ ಯಾರೂ ಇಲ್ಲ ಎಂದೂ ಆಗುತ್ತದೆ, ಯಾರೂ ಇಲ್ಲದವರ ಛತ್ರ ಎಂದೂ ಆಗುತ್ತದೆ. ಈ ಮಾತಿನ ಆಟ ನನಗೆ ನಿಜಕ್ಕೂ ಮೆಚ್ಚುಗೆ.

ಆದರೆ ವಿಚಿತ್ರವಾದದ್ದೆಲ್ಲ ಮೆಚ್ಚುವಂಥದಲ್ಲ. ಅಲ್ಲಿಯೇ 'ಸೈಲೆಂಟ್ ವುಮನ್' ಎಂಬ ಹೆಸರಿನ ಪಬ್ಬುಗಳಿವೆ. ಫಲಕದ ಮೇಲೆ ತಲೆಯಿಲ್ಲದ ಹೆಂಗಸಿನ ಚಿತ್ರ. ಹೆಣ್ಣು ಮಾತಾಡದೆ ಇರಬೇಕಾದರೆ ತಲೆಯೇ ಇರಬಾರದು ಎಂಬ ಕೊಂಕು. ಕುಡಿಯುವ ಗಂಡಸಿನ ನಗುವಿಗಾಗಿ ಮನೆಯಲ್ಲಿ ಕಾಯುವ ಹೆಂಗಸಿನ ತಲೆ ಕಡಿದ ಹೆಸರು ಅದು. ನಮ್ಮ 'ಫ್ಯಾಮಿಲಿ ರೆಸ್ಟೋರೆಂಟ್' ಕೂಡ ಹೆಚ್ಚೂಕಡಿಮೆ ಅದನ್ನೇ ಮಾಡುತ್ತದೆ. ಅಲ್ಲಿ ಅವಳನ್ನು ಫಲಕದ ಮೇಲೆ ತಲೆಯಿಲ್ಲದೆ ನಿಲ್ಲಿಸಿದರು, ಇಲ್ಲಿ ಅವಳ ಹೆಸರನ್ನು ಫಲಕಕ್ಕೇರಿಸಿ ಅವಳನ್ನು ಹೊರಗಿಟ್ಟರು. ತಮಾಷೆಯ ಹೆಸರನ್ನು ತೂಗುವಾಗ ನಗು ಯಾರ ಖರ್ಚಿನಲ್ಲಿ ಬಂತು ಎಂದು ಕೇಳಲೇಬೇಕು.

ಹಾಗಾದರೆ ಒಳ್ಳೆಯ ಹೆಸರು ಯಾವುದು? ಇದಕ್ಕೆ ನನಗೆ ಅಳತೆಗೋಲು ಸಿಕ್ಕದ್ದು ಕಲ್ಯಾಣದಲ್ಲಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಾರಯ್ಯಂದಿರು ಹಲವರು. ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯುತ್ತಿದ್ದವನು, ಮೋಳಿಗೆ ಮಾರಯ್ಯ ಕಟ್ಟಿಗೆಯ ಹೊರೆ ಮಾರುತ್ತಿದ್ದವನು. ಇನ್ನೊಬ್ಬ ಹೆಂಡದ ಮಾರಯ್ಯ. ಹೆಂಡ ಮಾರುವುದು ಅವನ ಕಾಯಕ, ಅವನ ವಚನಗಳು ಕೆಲವು ನಮಗೆ ಉಳಿದಿವೆ. ಅವನನ್ನು ಶರಣನೆಂದು ಒಪ್ಪಿದವರು ಅವನ ಹೆಸರಿನಿಂದ ಹೆಂಡವನ್ನು ತೊಳೆದು ತೆಗೆಯಲಿಲ್ಲ. ಹೆಂಡ ಎಂಬ ಪದ ಮುಂದೆ, ಅಯ್ಯ ಎಂಬ ಗೌರವ ಹಿಂದೆ. ನಮ್ಮ ಜಿಲ್ಲೆಯ ಮುದನೂರಿನ ದಾಸಿಮಯ್ಯನೂ ಹಾಗೆಯೇ ಜೇಡರ ದಾಸಿಮಯ್ಯ. ಮಗ್ಗ ಅವನ ಹೆಸರಿನಲ್ಲೇ ಇದೆ. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಆ ಕಲ್ಯಾಣದ ಹೆಸರಿಡುವ ರೀತಿಯನ್ನೂ ನಾವು ಪಡೆದುಕೊಳ್ಳಬೇಕಿತ್ತು. ಮಾಡುವ ಕೆಲಸ ಬಾಗಿಲಲ್ಲೇ ಕಾಣಬೇಕು, ಊರಿನ ಮಾತಿನಲ್ಲಿ ಕಾಣಬೇಕು, ಇಲ್ಲದ್ದನ್ನು ಹೇಳಬಾರದು. ನನ್ನ ಅಳತೆ ಇಷ್ಟೇ.

ಈ ಅಳತೆಯಲ್ಲಿ ದೇವರ ಹೆಸರಿನ ಬಾರುಗಳು ಏನಾಗುತ್ತವೆ? ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಈ ಬಗ್ಗೆ ನಮ್ಮ ಸುತ್ತ ಕೇಳಿಬರುವ ಮಾತು ಬಹಳ ಅವಸರದ್ದು. 2019ರಲ್ಲಿ ಮುಜರಾಯಿ ಸಚಿವರಾಗಿದ್ದ ಕೋಟ ಶ್ರೀನಿವಾಸ ಪೂಜಾರಿಯವರು ಬಾರು, ಮದ್ಯದಂಗಡಿಗಳಿಗೆ ದೇವರ ಹೆಸರು ಇರಬಾರದು ಎಂದು ಹೇಳಿದರು. ಮಹಾರಾಷ್ಟ್ರದ ಸಂಪುಟ 2022ರ ಜನವರಿಯಲ್ಲಿ ಮರಾಠಿ ಬೋರ್ಡು ಕಡ್ಡಾಯ ಮಾಡುವಾಗ ಮದ್ಯ ಮಾರುವ ಕಡೆ ಮಹಾಪುರುಷರ ಹೆಸರೂ ಕೋಟೆಗಳ ಹೆಸರೂ ಬೇಡವೆಂದಿತು. ಮಹಾಪುರುಷರ, ಕೋಟೆಗಳ ಮಾತು ನನಗೆ ಒಪ್ಪಿಗೆ. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು ಪ್ರಾಣ ಕಳೆದುಕೊಂಡ ರಾಜಾ ವೆಂಕಟಪ್ಪ ನಾಯಕರ ಹೆಸರನ್ನು ಯಾರಾದರೂ ಸುರಪುರದಲ್ಲಿ ಬಾರಿಗೆ ಇಟ್ಟರೆ ನಾನೂ ಬೀದಿಗೆ ಇಳಿಯುತ್ತೇನೆ.

ದೇವರ ಮಾತು ಬೇರೆ. ಯಾದಗಿರಿಯ ಪೂರ್ವಕ್ಕೆ ತೆಲಂಗಾಣ. ಅಲ್ಲಿನ ಗೌಡರು, ಇಲ್ಲಿನ ಈಡಿಗರು ಗಿಡ ಹತ್ತಿ ರಸ ಇಳಿಸಿ ಬದುಕಿದವರು. ರೇಣುಕಾ ಯಲ್ಲಮ್ಮ ಅವರು ನಡೆದುಕೊಳ್ಳುವ ದೇವಿ. ಈಚಲ ಗಿಡದ ಮೇಲೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಹತ್ತುವವನಿಗೆ ಕೈ ಜಾರಿದರೆ ಜೀವ ಹೋಗುತ್ತದೆ. ಅವನು ಹತ್ತುವ ಮೊದಲು ಯಾರ ಹೆಸರು ಹೇಳಬೇಕು? ಆ ಮನೆತನದ ಮೊಮ್ಮಗ ಇವತ್ತು ಬಾರು ನಡೆಸುತ್ತ ರೇಣುಕಾ ಎಂದು ಬೋರ್ಡು ಹಾಕಿದರೆ ಅದು ಅಗೌರವವಲ್ಲ. ಅದು ಅಜ್ಜನ ಸೊಂಟದ ಪಟ್ಟಿಯ ನೆನಪು. ಮಾರಯ್ಯ ಹೆಂಡದ ಅಂಗಡಿಯಲ್ಲಿ ಕುಳಿತು ಲಿಂಗವನ್ನು ನೆನೆದದ್ದು ತಪ್ಪಲ್ಲವಾದರೆ ಇದೂ ತಪ್ಪಲ್ಲ. ನಿಷೇಧದ ಪರವಾಗಿ ಮಾತಾಡುವವರು ಈ ಒಂದು ಸಂಗತಿಯನ್ನು ಗಮನಿಸಿದಂತೆ ಕಾಣುವುದಿಲ್ಲ. ದೇವರ ಹೆಸರಿನ ಹಿಂದೆ ಒಂದು ಜಾತಿಯ ದುಡಿಮೆ ಇದೆ, ಅದನ್ನು ಅಳಿಸಿದರೆ ಅಂಗಡಿ ಶುದ್ಧವಾಗುವುದಿಲ್ಲ, ದುಡಿದವರು ಮಾತ್ರ ಮರೆಯಾಗುತ್ತಾರೆ.

ಎಲ್ಲ ದೇವರ ಹೆಸರಿಗೂ ಈ ಸಮರ್ಥನೆ ಸಲ್ಲದು ಎಂದೂ ಹೇಳಬೇಕು. 1992ರ ನಂತರ ರಾಜ್ಯ ಸರ್ಕಾರ ಚಿಲ್ಲರೆ ಮದ್ಯದಂಗಡಿಗೂ ಬಾರಿಗೂ ಹೊಸ ಸನ್ನದು ಕೊಡುವುದನ್ನು ನಿಲ್ಲಿಸಿತು. ಇದ್ದ ಸನ್ನದುಗಳೇ ಕೈಯಿಂದ ಕೈಗೆ, ಊರಿಂದ ಊರಿಗೆ ಓಡಾಡಿದವು. ಸಿಎಲ್-2, ಸಿಎಲ್-9 ಎಂಬ ಈ ಕಾಗದಗಳಿಗೆ ಹೊಲಕ್ಕಿಂತ ಹೆಚ್ಚು ಬೆಲೆ. ಹೊಸ ಮಾಲೀಕ ಕೊಳ್ಳುವಾಗ ಹಳೆಯ ಹೆಸರೂ ಜೊತೆಗೆ ಬರುತ್ತದೆ. ಹಾಗಾಗಿ ಯಾರದೋ ಮನೆದೇವರು ಇನ್ಯಾರದೋ ಅಂಗಡಿಯ ಮೇಲೆ, ಯಾವುದೋ ಊರಿನ ಗುಡಿ ಇನ್ಯಾವುದೋ ಊರಿನ ಬೋರ್ಡಿನ ಮೇಲೆ. ಅಂಥ ಕಡೆ ಹೆಸರಿಗೂ ಅಂಗಡಿಗೂ ಸಂಬಂಧವೇ ಇಲ್ಲ. ಅದು ಬರೀ ಸನ್ನದಿನ ಬಾಲ.

ಬೆಂಗಳೂರಿನ ಪಬ್ಬುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚರ್ಚ್ ಸ್ಟ್ರೀಟಿನಲ್ಲಿ ನಾಸಾ ಎಂಬ ಪಬ್ಬು ಗಗನನೌಕೆಯ ರೂಪದಲ್ಲಿ ನಿಂತು ಒಂದು ಕಾಲದಲ್ಲಿ ಹೆಸರುವಾಸಿಯಾಗಿತ್ತು. ಗುಳೆ ಹೋಗುವ ನಮ್ಮ ಯಾದಗಿರಿಯ ಜನ ಆ ನಗರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತಿದ್ದಾರೆ. ಅಲ್ಲಿನ ಪಬ್ಬುಗಳ ಹೆಸರುಗಳಲ್ಲಿ ಅವರ ಮಾತಿನ ಒಂದು ಪದವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮಂಗಳೂರಿನಲ್ಲಿ 2009ರ ಜನವರಿ 24ರಂದು ಹೆಣ್ಣುಮಕ್ಕಳ ಮೇಲೆ ದಾಳಿ ನಡೆದ ಪಬ್ಬಿನ ಹೆಸರು ಅಮ್ನೇಸಿಯಾ, ಅಂದರೆ ಮರೆವಿನ ರೋಗ. ಕುಡಿತ ಏನು ಮಾಡುತ್ತದೆ ಎಂದು ನೇರವಾಗಿ ಹೇಳಿದ ಹೆಸರು ಅದು. ಆದರೆ ಆ ದಿನದ ಹೊಡೆತವನ್ನು ಯಾವ ಹೆಣ್ಣುಮಗಳೂ ಮರೆತಿಲ್ಲ, ನಾವೂ ಮರೆಯಬಾರದು.

ನಮ್ಮ ಕಡೆಯ ನಿಜವಾದ ವಿಚಿತ್ರ ಹೆಸರುಗಳು ಬೋರ್ಡಿನ ಮೇಲೆ ಇಲ್ಲ, ಬಾಯಲ್ಲಿವೆ. ಕುಡಿಯುವವರು ಬೋರ್ಡಿನ ಹೆಸರು ಹೇಳಿ ಕರೆಯುವುದನ್ನು ನಾನು ಕೇಳಿದ್ದು ಅಪರೂಪ. 'ಬಸ್‌ಸ್ಟ್ಯಾಂಡ್ ಹಿಂದಿಂದು', 'ಹುಣಸಿಗಿಡದ್ದು', 'ಮೆಟ್ಟಲದ್ದು', 'ಉದ್ರಿ ಕೊಡೋದು'. ಉದ್ರಿ ನಿಂತ ಮರುದಿನ ಆ ಕೊನೆಯ ಹೆಸರೂ ಬದಲಾಗುತ್ತದೆ. ಗಿಡ ಕಡಿದರೂ 'ಹುಣಸಿಗಿಡದ್ದು' ಎಂಬ ಹೆಸರು ಮಾತ್ರ ಹೋಗುವುದಿಲ್ಲ, ಹಾಗಾಗಿ ಒಂದು ಬಾರಿನ ಹೆಸರಿನಲ್ಲಿ ಊರು ಕಳೆದುಕೊಂಡ ಮರವೊಂದು ಬದುಕಿರುತ್ತದೆ. ಇವೆಲ್ಲ ನನ್ನ ಅಳತೆಗೆ ಸರಿಯಾಗಿ ಕೂರುತ್ತವೆ. ಎಲ್ಲಿದೆ ಎಂದು ಹೇಳುತ್ತವೆ, ಹೇಗಿದೆ ಎಂದು ಹೇಳುತ್ತವೆ, ನಮ್ಮ ಮಾತಿನಲ್ಲಿ ಹೇಳುತ್ತವೆ. ಬಾರ್ ಎಂಬ ಪರಭಾಷೆಯ ಪದ ಕೂಡ ನಮ್ಮ ಕಿವಿಗೆ 'ಬಾರ' ಎಂದು ಗೆಳೆಯ ಕೂಗಿದಂತೆ ಕೇಳುತ್ತದೆ. ಅದು ಇಲ್ಲಿ ಬೇರು ಬಿಟ್ಟದ್ದಕ್ಕೆ ಅದೂ ಒಂದು ಕಾರಣವಿರಬಹುದು ಎಂದು ನನಗೆ ಅನ್ನಿಸಿದೆ.

ಎಂಆರ್‌ಪಿ ಎಂಬ ಹೆಸರನ್ನೇ ನೋಡಿ. ಮುದ್ರಿತ ಬೆಲೆಗೆ ಬಾಟಲಿ ಕೊಡುವ, ಕುಳಿತು ಕುಡಿಯಲು ಜಾಗವಿಲ್ಲದ ಅಂಗಡಿಗೆ ಜನ ಇಟ್ಟ ಹೆಸರು. "ಎಲ್ಲಿಗಿ ಹೊಂಟಿ?" ಎಂದರೆ "ಎಮ್ಮಾರ್ಪಿಗಿ" ಎನ್ನುತ್ತಾರೆ. ಲೋಕದಲ್ಲಿ ಬೆಲೆಯ ನಿಯಮವೊಂದು ಅಂಗಡಿಯ ಹೆಸರಾದದ್ದು ಇನ್ನೆಲ್ಲಿದೆ? ಬಾರಿನಲ್ಲಿ ಹೆಚ್ಚು ತೆಗೆದುಕೊಳ್ಳುತ್ತಾರೆ, ಇಲ್ಲಿ ಬರೆದಷ್ಟೇ ಎಂಬ ಕೂಲಿಯವನ ಲೆಕ್ಕ ಆ ಮೂರು ಅಕ್ಷರಗಳಲ್ಲಿದೆ. ವಿಚಿತ್ರವೂ ಹೌದು, ಸತ್ಯವೂ ಹೌದು. ಸರ್ಕಾರದ್ದೇ ಆದ ಎಂಎಸ್‌ಐಎಲ್ ಮಳಿಗೆಯ ಹೆಸರು ಹೀಗಲ್ಲ. ಅದನ್ನು ಬಿಡಿಸಿದರೆ ಮೈಸೂರು ಸೇಲ್ಸ್ ಇಂಟರ್‌ನ್ಯಾಷನಲ್. ಭೀಮಾತೀರದ ಹಳ್ಳಿಯವನಿಗೆ ಅದರಲ್ಲಿ ಮೈಸೂರೂ ಇಲ್ಲ, ಪರದೇಶವೂ ಇಲ್ಲ.

ಬಾಟಲಿಯ ಹೆಸರುಗಳಲ್ಲೂ ಜನರ ಕೈಚಳಕ ಕಾಣುತ್ತದೆ. ಓಲ್ಡ್ ಟಾವರ್ನ್ ಇವರ ಬಾಯಲ್ಲಿ ಓಟಿ, ಬ್ಯಾಗ್‌ಪೈಪರ್ ಬಿಪಿ. ಎರಡೂ ಆಸ್ಪತ್ರೆಯ ಮಾತು. ಒಂದು ಶಸ್ತ್ರಚಿಕಿತ್ಸೆಯ ಕೋಣೆ, ಇನ್ನೊಂದು ರಕ್ತದೊತ್ತಡ. ಯಾರೂ ಯೋಚಿಸಿ ಇಟ್ಟದ್ದಲ್ಲ, ಆದರೆ ಬೋರ್ಡಿನ ಮೂಲೆಯಲ್ಲಿ ಕಾಣದಷ್ಟು ಸಣ್ಣದಾಗಿ ಬರೆದ ಎಚ್ಚರಿಕೆಗಿಂತ ಹೆಚ್ಚು ಎಚ್ಚರಿಕೆ ಆ ಎರಡೆರಡು ಅಕ್ಷರಗಳಲ್ಲಿದೆ. ಇನ್ನೊಂದು ಸಂಗತಿ: ಟಾವರ್ನ್ ಎಂದರೆ ಹೆಂಡದಂಗಡಿ. ಓಲ್ಡ್ ಟಾವರ್ನ್ ಎಂದರೆ ಹಳೆಯ ಹೆಂಡದಂಗಡಿ. ಗೋಡೆಯ ಮೇಲಿನ ಬೋರ್ಡು ಹೇಳಲು ನಾಚಿದ ಪದವನ್ನು ಒಳಗಿನ ಬಾಟಲಿ ಹಣೆಗೆ ಅಂಟಿಸಿಕೊಂಡು ಮೇಜಿನ ಮೇಲೆ ನಿಂತಿರುತ್ತದೆ.

ಈಗ ಕಾನೂನು ಕನ್ನಡ ಕೇಳುತ್ತಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯಂತೆ ನಾಮಫಲಕದ ನೂರಕ್ಕೆ 60 ಭಾಗ ಕನ್ನಡವಾಗಿರಬೇಕು, ಅದೂ ಮೇಲ್ಭಾಗದಲ್ಲಿ. ಕಾಯ್ದೆಯನ್ನು ಮನಸಾರೆ ಸ್ವಾಗತಿಸಿದವನು ನಾನು. ಆದರೆ ನಮ್ಮ ಊರುಗಳ ಬಾರಿನ ಬೋರ್ಡಿನಲ್ಲಿ ಅದರಿಂದ ಆದದ್ದು ಅಲ್ಪ. 'ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್' ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದರೆ ಕಣ್ಣಿಗೆ ಕನ್ನಡ, ಕಿವಿಗೆ ಅದೇ ಹಳೆಯದು. ಪಾನಗೃಹ ಎಂದು ಬರೆಯಬೇಕೆಂದು ನಾನು ಹೇಳುವುದಿಲ್ಲ. ಆ ಪದ ನಿಘಂಟಿನಲ್ಲಿದೆ, ಬೀದಿಯಲ್ಲಿಲ್ಲ. ಹುಣಸಿಗಿಡದ ಬಾರ್ ಎಂದು ಬರೆಯಲಿ, ಸಾಕು. ಶಹಾಪುರದ ಹಳೆಯ ಖಾನಾವಳಿಗಳು ಇದನ್ನು ಎಂದೋ ಮಾಡಿ ತೋರಿಸಿವೆ. ಖಾನಾವಳಿ ಎಂಬ ಒಂದೇ ಪದ ಓದಿದರೆ ಒಳಗೆ ಜೋಳದ ರೊಟ್ಟಿ, ಪುಂಡಿಪಲ್ಯ ಸಿಗುತ್ತದೆ ಎಂದು ಗೊತ್ತಾಗುತ್ತದೆ, ಮತ್ತು ಸಿಗುತ್ತದೆ.

ಬೋರ್ಡೇ ಬೇಡವೆಂದ ಕಾನೂನೂ ಉಂಟು. ಸುಪ್ರೀಂ ಕೋರ್ಟು 2016ರ ಡಿಸೆಂಬರ್ 15ರ ತೀರ್ಪಿನಲ್ಲಿ ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಬೇಡವೆಂದಿತು. ಹೆದ್ದಾರಿಯಲ್ಲಿ ಮದ್ಯ ಸಿಗುತ್ತದೆಂದು ತೋರಿಸುವ ಫಲಕಗಳೂ ಬೇಡವೆಂದಿತು. ಆಮೇಲೆ ಊರಿನ ಗಡಿಯೊಳಗಿನ ಅಂಗಡಿಗಳಿಗೆ ಸಡಿಲಿಕೆ ಬಂತು. ರಸ್ತೆಯ ಅಪಘಾತಗಳ ಲೆಕ್ಕದಲ್ಲಿ ಆ ತೀರ್ಪು ನ್ಯಾಯವಾದದ್ದು. ಆದರೆ ಬೋರ್ಡಿನ ಮೇಲೆ ಕಣ್ಣಿಟ್ಟು ಬರೆಯುತ್ತಿರುವ ನಾನು ಇಷ್ಟು ಹೊತ್ತು ಮುಂದೂಡಿದ ಮಾತೊಂದಿದೆ. ನಮ್ಮ ಹಳ್ಳಿಗಳಲ್ಲಿ ಮದ್ಯ ಸಿಗುವ ಎಷ್ಟೋ ಕಡೆ ಬೋರ್ಡೇ ಇಲ್ಲ. ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಡಬ್ಬಿಯ ಹಿಂದೆ, ಪಾನ್ ಡಬ್ಬಿಯಲ್ಲಿ, ಯಾರದೋ ಮನೆಯ ಪಡಸಾಲೆಯಲ್ಲಿ ನೈಂಟಿ ಪೊಟ್ಟಣಗಳು ಸಿಗುತ್ತವೆ. ರಾತ್ರಿ ಹನ್ನೆರಡಕ್ಕೆ ಕದ ಬಡಿದರೂ ಸಿಗುತ್ತವೆ. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಹೆಂಗಸರು ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ಹನ್ನೆರಡು ದಿನ ನಡೆದರು. ಅವರ ಸಂಕಟದಲ್ಲಿ ದೊಡ್ಡ ಪಾಲು ಇಂಥ ಹೆಸರಿಲ್ಲದ ಅಂಗಡಿಗಳದ್ದು.

ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೆಲವು ಹೆಂಗಸರು ಅಂಥದೊಂದು ಜಾಗದ ಮೇಲೆ ಅರ್ಜಿ ಬರೆಸಲು ನನ್ನ ಹತ್ತಿರ ಬಂದಿದ್ದರು. ಗುಡಿಯ ಕಟ್ಟೆಯ ಮೇಲೆ ಕುಳಿತು ಬರೆಯತೊಡಗಿದೆ. ಅಂಗಡಿಯ ಹೆಸರು ಏನೆಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿದರು. "ಹೆಸರೆಲ್ಲದರಿ ಸರ, ಬೋರ್ಡ ಇಲ್ಲ" ಎಂದಳು ಒಬ್ಬಾಕೆ. ಹಾಗಾದರೆ ಊರಿನವರು ಅದನ್ನು ಏನಂತ ಕರೆಯುತ್ತಾರೆ ಎಂದು ಕೇಳಿದೆ. ಎಲ್ಲರಿಗಿಂತ ಹಿಂದೆ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕುಳಿತಿದ್ದ ಮುದುಕಿ ತಲೆ ಎತ್ತಿದಳು.

"ಹಿರೇಮಗನ್ನ ನುಂಗಿದ ಮನಿ ಅಂತ ಬರೀಪಾ."

ಹಾಗೆಯೇ ಬರೆದೆ.